ಮೊವರ್ ಕೊಳ್ಳುವ ಮುನ್ನ ಅಗಲ ಕೇಳಬೇಡಿ, ಹುಲ್ಲು ನೋಡಿ

ಮಾನ್ಯ ಸಂಪಾದಕರೇ,

ಸಣ್ಣ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಮೊವರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ನಮ್ಮ 24 ಎಚ್‌ಪಿ ಗಾಡಿ ಎಷ್ಟು ಅಡಿಯದ್ದನ್ನು ಎಳೆಯುತ್ತದೆ?’ ಎಂದು. ಮಾರುವವರ ಉತ್ತರವೂ ಅಷ್ಟೇ ಚುಟುಕು: ‘ಐದು ಅಡಿಯದ್ದು ಆರಾಮಾಗಿ ಎಳೆಯುತ್ತೆ’. ಇಷ್ಟರಲ್ಲಿ ವ್ಯಾಪಾರ ಮುಗಿಯುತ್ತದೆ. ಕತ್ತರಿಸಬೇಕಾದ ಹುಲ್ಲು ಯಾವುದು, ಕತ್ತರಿಸಿದ ಮೇಲೆ ಅದನ್ನು ಏನು ಮಾಡುತ್ತೀರಿ, ಟ್ರ್ಯಾಕ್ಟರಿನ ಮೂತಿ ಮೇಲೇಳದಂತೆ ಮೊವರನ್ನು ಎತ್ತಲು ಆಗುತ್ತದೆಯೇ ಎಂಬುದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಆಮೇಲೆ ಗೇರ್‌ಬಾಕ್ಸ್ ಒಡೆದುಕೊಂಡು, ಬೆಲ್ಟ್ ಸುಟ್ಟುಕೊಂಡು, ಒಣಗಿಸಿ ಬಣವೆ ಹಾಕಬೇಕಿದ್ದ ಮೇವನ್ನು ಪುಡಿ ಮಾಡಿಕೊಂಡು ವರ್ಕ್‌ಶಾಪಿಗೆ ಬರುತ್ತಾರೆ. ಈ ನಷ್ಟದಲ್ಲಿ ಹೆಚ್ಚಿನದು ಕೊಳ್ಳುವ ದಿನವೇ ತಪ್ಪಿಸಬಹುದಾದದ್ದು. ಅದಕ್ಕಾಗಿ ಈ ಪತ್ರ ತುಸು ದೀರ್ಘವಾಗಿದೆ.

ಮೊದಲು ಹುಲ್ಲಿನ ವಿಷಯ. ಆಳೆತ್ತರ ಬೆಳೆದ ಕಳೆ, ಜೊಂಡು, ಹೆಬ್ಬೆರಳು ಗಾತ್ರದ ಪೊದೆ ಇರುವ ಜಾಗಕ್ಕೆ ಸ್ಲ್ಯಾಷರ್, ಅಂದರೆ ರೋಟರಿ ಕಟರ್ ಸರಿ. ಇದರ ರಚನೆ ಸರಳ: ಮೇಲೆ ಒಂದು ಗೇರ್‌ಬಾಕ್ಸ್, ಕೆಳಗೆ ಬಾಣಲೆಯಾಕಾರದ ಒಂದು ದಪ್ಪ ತಟ್ಟೆ, ತಟ್ಟೆಯ ಅಂಚಿಗೆ ಬೋಲ್ಟಿನಲ್ಲಿ ಸಡಿಲವಾಗಿ ತೂಗುವ ಎರಡು ಬ್ಲೇಡು. ತಿರುಗುವ ವೇಗಕ್ಕೆ ಬ್ಲೇಡುಗಳು ಹೊರಚಾಚಿ ನಿಲ್ಲುತ್ತವೆ. ಕಲ್ಲಿಗೋ ಬುಡಕ್ಕೋ ತಗುಲಿದರೆ ಹಿಂದಕ್ಕೆ ಮಡಚಿಕೊಂಡು ಏಟು ತಪ್ಪಿಸಿಕೊಳ್ಳುತ್ತವೆ. ಕೆಳಗಿನ ತಟ್ಟೆ ಮೋಟು ಬುಡದ ಮೇಲೆ ಜಾರಿಹೋಗುವುದರಿಂದ ಗೇರ್‌ಬಾಕ್ಸಿನ ಶಾಫ್ಟ್ ಉಳಿಯುತ್ತದೆ. ಹಗುರ ಮಾದರಿಗಳು ಒಂದಂಗುಲ ದಪ್ಪದ ಗಿಡದವರೆಗೆ, ಮಧ್ಯಮ ತೂಕದವು ಎರಡಂಗುಲದವರೆಗೆ ತಾಳುತ್ತವೆ. ಆದರೆ ಸ್ಲ್ಯಾಷರ್ ಹುಲ್ಲನ್ನು ಬಡಿದು ಮುರಿಯುತ್ತದೆ, ನಯವಾಗಿ ಕತ್ತರಿಸುವುದಿಲ್ಲ. ಕತ್ತರಿಸಿದ್ದು ಹಿಂದೆ ಅಲ್ಲಲ್ಲಿ ಗುಪ್ಪೆಯಾಗಿ ಬೀಳುತ್ತದೆ. ಮನೆ ಮುಂದಿನ ಹುಲ್ಲುಹಾಸನ್ನು ಇದರಲ್ಲಿ ಸವರಿ ಸಮವಾಗಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಹುಲ್ಲುಹಾಸು, ಆಟದ ಮೈದಾನ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕತ್ತರಿಸುವ ಬಯಲಿಗೆ ಫಿನಿಶಿಂಗ್ ಮೊವರ್ ಬೇಕು. ಇದರಲ್ಲಿ ಮೂರು ಬ್ಲೇಡುಗಳು ಬೆಲ್ಟಿನ ಮೂಲಕ ಬಹಳ ವೇಗವಾಗಿ ತಿರುಗುತ್ತವೆ; ನಾಲ್ಕು ಮೂಲೆಯ ಗಾಲಿಗಳು ಎತ್ತರ ಕಾಯುತ್ತವೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿದ್ದರೆ ಕೆಲಸ ಅಚ್ಚುಕಟ್ಟು. ಮೊಣಕಾಲೆತ್ತರದ ಹುಲ್ಲಿಗೆ ಇಳಿಸಿದರೆ ಬೆಲ್ಟ್ ಜಾರುತ್ತದೆ, ಬಿಸಿಯೇರಿ ಹೊಳಪು ಹಿಡಿಯುತ್ತದೆ. ಹೊಳಪು ಹಿಡಿದ ಬೆಲ್ಟ್ ಮತ್ತೆ ಹಿಡಿತಕ್ಕೆ ಬರುವುದಿಲ್ಲ. ಕಲ್ಲಿಗೆ ತಗುಲಿದರಂತೂ ಮಡಚಿಕೊಳ್ಳುವ ಬ್ಲೇಡು ಇಲ್ಲಿಲ್ಲ. ಏಟು ನೇರ ಬ್ಲೇಡು ಕೂತ ದಂಡದ, ಅಂದರೆ ಸ್ಪಿಂಡಲ್ಲಿನ ಬೇರಿಂಗಿಗೆ ಹೋಗುತ್ತದೆ.

ಮೂರನೆಯದು ಫ್ಲೇಲ್ ಮೊವರ್. ಇದೇ ಬಗೆಯದನ್ನು ಮಲ್ಚರ್ ಎಂದೂ ಮಾರುತ್ತಾರೆ. ಅಡ್ಡಲಾಗಿ ತಿರುಗುವ ಒಂದು ಉರುಳೆ, ಅದರ ಮೈತುಂಬ ತೂಗುವ ಹತ್ತಾರು ಸಣ್ಣ ಬ್ಲೇಡುಗಳು. ತೋಟದ ಸಾಲುಗಳ ನಡುವಿನ ಹುಲ್ಲನ್ನು ಅಲ್ಲಿಯೇ ಚೂರು ಮಾಡಿ ಸಮನಾಗಿ ಹರಡಿ ಹೊದಿಕೆ ಮಾಡಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬ್ಲೇಡಿನ ಸುತ್ತು ಚಿಕ್ಕದಾದ್ದರಿಂದ ಏರುತಗ್ಗಿನ ನೆಲದಲ್ಲೂ ಮಣ್ಣು ಕೆತ್ತುವುದು ಕಡಿಮೆ. ಚೂರುಗಳು ಹುಡ್ ಒಳಗೇ ಕೆಳಕ್ಕೆ ಬೀಳುವುದರಿಂದ ಕಲ್ಲು ಸಿಡಿಯುವ ಅಪಾಯವೂ ಸ್ಲ್ಯಾಷರಿಗಿಂತ ಕಡಿಮೆ. ಇಂಗ್ಲಿಷ್ ವೈ ಅಕ್ಷರದಂತಿರುವ ಬ್ಲೇಡು ಹುಲ್ಲಿಗೆ, ಸುತ್ತಿಗೆಯಂತಿರುವ ದಪ್ಪ ಬ್ಲೇಡು ಕಡ್ಡಿ ಪೊದೆಗೆ. ಎರಡೂ ಕೆಲಸವಿದ್ದರೆ ಸುತ್ತಿಗೆ ಬ್ಲೇಡು ತೆಗೆದುಕೊಳ್ಳಿ. ಹುಲ್ಲಿನಲ್ಲಿ ಅದರ ಕೆಲಸ ತುಸು ಒರಟು, ಆದರೆ ಪೊದೆಯಲ್ಲಿ ವೈ ಬ್ಲೇಡು ಬೇಗ ಬಾಗಿ ಮುರಿಯುತ್ತದೆ. ಇದರ ಕೊರತೆಯೆಂದರೆ ತೂಕ ಹೆಚ್ಚು, ಶಕ್ತಿ ಹೆಚ್ಚು ಬೇಕು, ನಡೆ ನಿಧಾನ. ಉರುಳೆಯ ಒಂದು ಬ್ಲೇಡು ಬಿದ್ದುಹೋದರೆ ಸಮತೋಲ ತಪ್ಪಿ ಇಡೀ ಯಂತ್ರ ನಡುಗುತ್ತದೆ. ಹಾಗೇ ಓಡಿಸಿದರೆ ಎರಡೂ ತುದಿಯ ಬೇರಿಂಗ್ ಹೋಗುತ್ತವೆ. ಬಿದ್ದದ್ದರ ಜಾಗಕ್ಕೆ ಹೊಸದು ಹಾಕುವಾಗ ಎದುರು ಬದಿಯ ಸವೆದ ಬ್ಲೇಡನ್ನೂ ಬದಲಿಸಬೇಕು. ಇಲ್ಲದಿದ್ದರೆ ಹೊಸದರ ತೂಕವೇ ಹೆಚ್ಚಾಗಿ ನಡುಕ ಮುಂದುವರಿಯುತ್ತದೆ.

ಮೇವಿಗಾಗಿ ಕೊಯ್ಯುವವರು ಮೇಲಿನ ಮೂರನ್ನೂ ಬಿಟ್ಟುಬಿಡಿ. ಸ್ಲ್ಯಾಷರ್ ಮೇವನ್ನು ಜಜ್ಜುತ್ತದೆ, ಫ್ಲೇಲ್ ಚೂರು ಮಾಡಿ ಮಣ್ಣು ಬೆರೆಸುತ್ತದೆ. ಚೂರಾದ ಹುಲ್ಲನ್ನು ಒಣಗಿಸಿ ಒಟ್ಟುಗೂಡಿಸಲು ಆಗುವುದಿಲ್ಲ. ಮಣ್ಣು ಬೆರೆತದ್ದನ್ನು ದನ ಮುಟ್ಟುವುದಿಲ್ಲ. ಮೇವಿಗೆ ಕಟರ್ ಬಾರ್ ಅಥವಾ ಡ್ರಮ್ ಮೊವರ್. ಕಟರ್ ಬಾರಿನಲ್ಲಿ ತ್ರಿಕೋನ ಹಲ್ಲುಗಳ ಪಟ್ಟಿ ಕತ್ತರಿಯಂತೆ ಆಚೀಚೆ ಆಡುತ್ತದೆ, ಹುಲ್ಲು ಬುಡದಲ್ಲಿ ಕತ್ತರಿಸಿ ಇಡಿಯಾಗಿ ಮಲಗುತ್ತದೆ. ಶಕ್ತಿ ಬಹಳ ಕಡಿಮೆ ಸಾಕು; ಐದು ಅಡಿಯದ್ದು 10 ಎಚ್‌ಪಿಯಲ್ಲೇ ನಡೆಯುತ್ತದೆ. ಆದರೆ ಆಡುವ ಹಲ್ಲು ಮತ್ತು ಅದರಡಿ ಅಲುಗದೆ ನಿಲ್ಲುವ ಬೆರಳುಗಳ ನಡುವಿನ ಸಂದು ಸರಿಯಿಲ್ಲದಿದ್ದರೆ ಹುಲ್ಲು ನಡುವೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಮಲಗಿದ ಒದ್ದೆ ಹುಲ್ಲಿನಲ್ಲಿ, ಇರುವೆಗೂಡಿನ ಮಣ್ಣಿನಲ್ಲಿ ಪದೇ ಪದೇ ನಿಲ್ಲುತ್ತದೆ. ಬುಡದಲ್ಲಿ ಬ್ಲೇಡು ಕಟ್ಟಿದ ಡ್ರಮ್ಮುಗಳು ತಿರುಗಿ ಕತ್ತರಿಸುವ ಡ್ರಮ್ ಮೊವರಿಗೆ ಈ ತೊಂದರೆಗಳಿಲ್ಲ, ಆದರೆ ತೂಕ ಎಷ್ಟೋ ಪಾಲು ಹೆಚ್ಚು; ಅದೂ ಟ್ರ್ಯಾಕ್ಟರಿನ ಒಂದೇ ಬದಿಗೆ ಚಾಚಿ ನಿಲ್ಲುವ ತೂಕ. ಅತಿ ಸಣ್ಣ ಗಾಡಿಗೆ ಅದು ಹೇಳಿದ್ದಲ್ಲ.

ಟ್ರ್ಯಾಕ್ಟರಿನ ಹೊಟ್ಟೆಯಡಿ ಕೂರುವ ಮೊವರ್ ಬಗ್ಗೆ ಒಂದೇ ಮಾತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರುವುದರಿಂದ ಕೆಲಸ ಕಣ್ಣೆದುರೇ ನಡೆಯುತ್ತದೆ, ಮರದ ಬುಡ ಸುತ್ತಿ ಬರಬಹುದು. ಆದರೆ ಅದಕ್ಕೆ ನಿಮಿಷಕ್ಕೆ ಸುಮಾರು 2000 ಸುತ್ತಿನ ಮಧ್ಯದ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ತಿರುಗುದಂಡ) ಬೇಕು, ಆ ಮಾಡೆಲಿಗೆಂದೇ ಮಾಡಿದ ಕೊಂಡಿಗಳು ಬೇಕು. ಟ್ರ್ಯಾಕ್ಟರಿನಲ್ಲಿ ಅದು ಇಲ್ಲವೆಂದರೆ ಆ ಆಸೆ ಬಿಡುವುದೇ ಮೇಲು.

ಇನ್ನು ಶಕ್ತಿಯ ಲೆಕ್ಕ. ಬಾನೆಟ್ ಮೇಲೆ ಬರೆದದ್ದು ಎಂಜಿನ್ನಿನ ಎಚ್‌ಪಿ. ಮೊವರಿಗೆ ಸಿಗುವುದು ಪಿಟಿಒ ಎಚ್‌ಪಿ. ಅದು ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಕಡಿಮೆ. 24 ಎಚ್‌ಪಿ ಗಾಡಿಯಲ್ಲಿ 20ರ ಆಸುಪಾಸು ಎಂದಿಟ್ಟುಕೊಳ್ಳಿ. ಸ್ಲ್ಯಾಷರಿಗೆ ಅಗಲದ ಪ್ರತಿ ಅಡಿಗೆ 5 ಪಿಟಿಒ ಎಚ್‌ಪಿ, ಫಿನಿಶಿಂಗ್ ಮೊವರಿಗೆ 3ರಿಂದ 4, ಫ್ಲೇಲಿಗೆ 5ರಿಂದ 7 ಎಂಬುದು ಕೆಲಸ ಬಲ್ಲವರು ಇಟ್ಟುಕೊಳ್ಳುವ ಅಂದಾಜು. ಅಂದರೆ ನಮ್ಮ 24 ಎಚ್‌ಪಿ ಗಾಡಿಗೆ ಸ್ಲ್ಯಾಷರಾದರೆ 4 ಅಡಿ, ಫಿನಿಶಿಂಗ್ ಮೊವರಾದರೆ 5 ಅಡಿ, ಫ್ಲೇಲ್ ಆದರೆ ಮೂರರಿಂದ ಹೆಚ್ಚೆಂದರೆ 4 ಅಡಿ. ‘ಐದು ಅಡಿಯದ್ದು ಆರಾಮಾಗಿ’ ಎಂಬ ಮಾತು ತೆಳು ಹುಲ್ಲಿನಲ್ಲಿ ನಿಜವಾದೀತು. ಹಸಿ ಜೊಂಡಿಗೆ ಇಳಿದಾಗ ಎಂಜಿನ್ ಕುಗ್ಗುತ್ತದೆ.

ಎಂಜಿನ್ ಕುಗ್ಗಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಿಂದಿನ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುವಾಗ, ಗೇರ್‌ಬಾಕ್ಸಿನ ಅನುಪಾತ 1:1.7 ಇದ್ದರೆ ಬ್ಲೇಡು 918 ಸುತ್ತು ತಿರುಗುತ್ತದೆ. ಐದು ಅಡಿ ವ್ಯಾಸದಲ್ಲಿ ತಿರುಗುವ ಬ್ಲೇಡಿನ ತುದಿ ಆಗ ಸೆಕೆಂಡಿಗೆ ಸುಮಾರು 73 ಮೀಟರ್, ಅಂದರೆ ಗಂಟೆಗೆ 264 ಕಿ.ಮೀ. ವೇಗದಲ್ಲಿರುತ್ತದೆ. ಬುಡದಲ್ಲಿ ಕಟ್ಟಿ ಹಿಡಿಯದ ಸಡಿಲ ಹುಲ್ಲು ತುಂಡಾಗುವುದು ಈ ವೇಗದಿಂದಲೇ. ಡೀಸೆಲ್ ಉಳಿಸಲೆಂದು ಆಕ್ಸಿಲರೇಟರ್ ಇಳಿಸಿ ಪಿಟಿಒವನ್ನು 400ಕ್ಕೆ ತಂದರೆ ತುದಿಯ ವೇಗ 54 ಮೀಟರಿಗೆ ಇಳಿಯುತ್ತದೆ; ಹುಲ್ಲು ಕತ್ತರಿಸುವ ಬದಲು ಬಾಗಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ, ಬ್ಲೇಡನ್ನು ಮುಚ್ಚಿದ ತಗಡಿನ ಡೆಕ್ ಒಳಗೆ ತುಂಬಿಕೊಳ್ಳುತ್ತದೆ, ಎಂಜಿನ್ ಇನ್ನಷ್ಟು ಹೊರೆ ಹೊರುತ್ತದೆ. ಆದ್ದರಿಂದ ಮೀಟರಿನಲ್ಲಿ 540ರ ಗುರುತು ಎಲ್ಲಿದೆಯೋ ಅಲ್ಲಿಗೆ ಎಂಜಿನ್ ಏರಿಸಿ, ಹೊರೆಗೆ ತಕ್ಕಂತೆ ಗೇರನ್ನು ತಗ್ಗಿಸಬೇಕು. ದಟ್ಟ ಬೆಳೆತಕ್ಕೆ ಗಂಟೆಗೆ 3 ಕಿ.ಮೀ., ಸಾಧಾರಣ ಹುಲ್ಲಿಗೆ 5 ಕಿ.ಮೀ. ಸಾಕು. ಒಂದೂವರೆ ಮೀಟರ್ ಅಗಲದ ಮೊವರ್ 5 ಕಿ.ಮೀ. ವೇಗದಲ್ಲಿ, ತಿರುವು ಮತ್ತು ಮೇಲೆಬೀಳುವ ಪಟ್ಟಿಗೆಂದು ಐದನೇ ಒಂದು ಭಾಗ ಕಳೆದರೂ ಗಂಟೆಗೆ ಒಂದೂವರೆ ಎಕರೆ ಮುಗಿಸುತ್ತದೆ. ಅಗಲ ಅರ್ಧ ಅಡಿ ಕಡಿಮೆಯಾದರೆ ಕಳೆದುಕೊಳ್ಳುವುದು ಬಹಳ ಅಲ್ಪ.

ಆದರೆ ಅಗಲಕ್ಕೆ ಕೆಳಮಿತಿಯೂ ಇದೆ. ಟ್ರ್ಯಾಕ್ಟರಿನ ಹಿಂದಿನ ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿದು ಅಳೆಯಿರಿ. ಮೊವರ್ ಪ್ರತಿ ಬದಿಯಲ್ಲಿ ಎರಡಂಗುಲವಾದರೂ ಟೈರಿಗಿಂತ ಹೊರಗೆ ಚಾಚಬೇಕು. ಕಡಿಮೆಯಾದರೆ ಟೈರು ತುಳಿದ ಹುಲ್ಲು ಹಾಗೆಯೇ ಉಳಿದು ಮರುದಿನ ಎದ್ದು ನಿಲ್ಲುತ್ತದೆ. ಟೈರುಗಳ ಅಗಲ 48 ಅಂಗುಲವಿದ್ದು ಶಕ್ತಿಗೆ ತಕ್ಕ ಮೊವರ್ ಕೂಡ 48 ಅಂಗುಲದ್ದೇ ಆದರೆ, ಒಂದು ಬದಿಗೆ ಸರಿಸಿ ಕಟ್ಟಬಹುದಾದ ಮಾದರಿ ಕೇಳಿ. ಆಗ ಒಂದು ಟೈರಿನ ಗುರುತಂತೂ ಅಳಿಯುತ್ತದೆ, ಇನ್ನೊಂದು ಟೈರಿನದ್ದು ಮುಂದಿನ ಪಟ್ಟಿಯಲ್ಲಿ ಹೋಗುತ್ತದೆ. ಮರದ ಕೊಂಬೆಯಡಿ ನುಗ್ಗಿಸಲೂ ಅದೇ ಅನುಕೂಲ.

ಮಾರುವವರು ಅತಿ ಕಡಿಮೆ ಮಾತಾಡುವುದು ತೂಕದ ಬಗ್ಗೆ, ಅಪಾಯ ಹೆಚ್ಚಿರುವುದೂ ಅಲ್ಲೇ. ‘ಲಿಫ್ಟ್ 600 ಕಿಲೋ ಎತ್ತುತ್ತದೆ, ಮೊವರ್ 220 ಕಿಲೋ ಅಷ್ಟೇ’ ಎನ್ನುವ ಸಮಾಧಾನ ಸಾಲದು. ಲಿಫ್ಟಿನ ಆ ಅಂಕಿ ಕೆಳಲಿಂಕಿನ, ಅಂದರೆ ಉಪಕರಣ ಎತ್ತುವ ಹಿಂದಿನ ಎರಡು ತೋಳುಗಳ ತುದಿಯದ್ದೋ, ತುದಿಯಿಂದ 610 ಮಿ.ಮೀ. ಹಿಂದಿನದ್ದೋ ಎಂದು ಮೊದಲು ಕೇಳಿ; ಎರಡನೆಯದು ಯಾವಾಗಲೂ ಕಡಿಮೆ. ಸ್ಲ್ಯಾಷರ್ ಉದ್ದನೆಯ ಉಪಕರಣ, ಅದರ ತೂಕದ ಕೇಂದ್ರ ಲಿಂಕಿನಿಂದ ಬಹಳ ಹಿಂದಿರುತ್ತದೆ. ಒಂದು ಲೆಕ್ಕ ಹಾಕೋಣ. 800 ಕಿಲೋ ತೂಕದ ಟ್ರ್ಯಾಕ್ಟರ್. ಮುಂದಿನ ಮತ್ತು ಹಿಂದಿನ ಅಚ್ಚಿನ ನಡುವೆ ಒಂದೂವರೆ ಮೀಟರ್. ಒಟ್ಟು ತೂಕದ ಶೇ 40, ಅಂದರೆ 320 ಕಿಲೋ ಮುಂದಿನ ಚಕ್ರಗಳ ಮೇಲಿದೆ. 220 ಕಿಲೋ ಸ್ಲ್ಯಾಷರಿನ ತೂಕದ ಕೇಂದ್ರ ಹಿಂದಿನ ಅಚ್ಚಿನಿಂದ ಒಂದೂವರೆ ಮೀಟರ್ ಹಿಂದಿದ್ದರೆ, ಎತ್ತಿದ ಕ್ಷಣ ಮುಂದಿನ ಚಕ್ರಗಳಿಂದ 220 ಕಿಲೋ ಕಳೆಯುತ್ತದೆ. ಉಳಿಯುವುದು 100 ಕಿಲೋ. ಸ್ಟಿಯರಿಂಗ್ ಹಿಡಿತದಲ್ಲಿರಲು ಟ್ರ್ಯಾಕ್ಟರಿನ ತೂಕದ ಐದನೇ ಒಂದು ಭಾಗ, ಅಂದರೆ 160 ಕಿಲೋ ಮುಂದಿರಬೇಕು. ಕೊರತೆ 60 ಕಿಲೋ. ಬಂಪರಿನ ತೂಕದ ಬಿಲ್ಲೆಗಳು ಮುಂದಿನ ಅಚ್ಚಿನಿಂದ ಅರ್ಧ ಮೀಟರ್ ಮುಂದಿರುವುದರಿಂದ ಅವುಗಳ ಪ್ರತಿ ಕಿಲೋ 1.33 ಕಿಲೋದಷ್ಟು ಕೆಲಸ ಮಾಡುತ್ತದೆ. ಹಾಗಾಗಿ 45 ಕಿಲೋ ಬಿಲ್ಲೆ ಹಾಕಿದರೆ ಸರಿದೂಗುತ್ತದೆ. ಇದು ಸಮತಟ್ಟು ನೆಲದ ಲೆಕ್ಕ. ಏರಿನಲ್ಲಿ, ಗುಂಡಿ ಹಾರುವಾಗ ಇನ್ನೂ ಬೇಕಾಗುತ್ತದೆ. ಬಿಲ್ಲೆ ಹಾಕಲು ಬಂಪರಿನಲ್ಲಿ ಜಾಗವೇ ಇಲ್ಲದ ಗಾಡಿಗೆ ಗಿಡ್ಡ, ಹಗುರ ಮೊವರನ್ನೇ ಆರಿಸಬೇಕು. ಉದ್ದ ಕಡಿಮೆಯಿರುವ ಫ್ಲೇಲ್ ಇದೇ ತೂಕದ್ದಾದರೂ ಲಿಂಕಿಗೆ ಅಂಟಿಕೊಂಡಿರುವುದರಿಂದ ಮೂತಿ ಎತ್ತುವುದು ಕಡಿಮೆ.

ಹಿಚ್ಚಿನ, ಅಂದರೆ ಉಪಕರಣ ಕಟ್ಟುವ ಮೂರು ಲಿಂಕುಗಳ ಪಿನ್ ಕೂಡ ಅಳೆದುಬಿಡಿ. ಸಾಮಾನ್ಯ ಸಣ್ಣ ಟ್ರ್ಯಾಕ್ಟರುಗಳ ಒಂದನೇ ವರ್ಗದ ಹಿಚ್ಚಿನಲ್ಲಿ ಕೆಳಗಿನ ಪಿನ್ 22 ಮಿ.ಮೀ., ಮೇಲಿನದು 19 ಮಿ.ಮೀ. ಅತಿ ಸಣ್ಣವುಗಳಲ್ಲಿ ಸುಮಾರು 16 ಮಿ.ಮೀ. ಪಿನ್ನುಗಳಿರುತ್ತವೆ. ದೊಡ್ಡ ರಂಧ್ರಕ್ಕೆ ಸಣ್ಣ ಪಿನ್ ತೂರಿಸಿ ಓಡಿಸಿದರೆ ರಂಧ್ರ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ, ಬುಷ್ ಹಾಕಿಸಿ.

ಟ್ರ್ಯಾಕ್ಟರಿನ ಪಿಟಿಒವನ್ನು ಮೊವರಿನ ಗೇರ್‌ಬಾಕ್ಸಿಗೆ ಜೋಡಿಸುವ ಪಿಟಿಒ ಶಾಫ್ಟಿನ ವಿಷಯಕ್ಕೆ ಹೆಚ್ಚು ಜಾಗ ಕೇಳುತ್ತೇನೆ, ಏಕೆಂದರೆ ಹೊಸ ಮೊವರ್ ಮೊದಲ ದಿನವೇ ಕೆಡುವುದು ಇಲ್ಲಿ. ಮೊವರ್ ಜೊತೆ ಬರುವ ಶಾಫ್ಟ್ ಯಾವುದೋ ದೊಡ್ಡ ಟ್ರ್ಯಾಕ್ಟರಿಗೂ ಆಗಲೆಂದು ಉದ್ದವಾಗಿಯೇ ಇರುತ್ತದೆ. ಸಣ್ಣ ಟ್ರ್ಯಾಕ್ಟರಿಗೆ ಅದನ್ನು ಕತ್ತರಿಸಲೇಬೇಕಾಗುತ್ತದೆ. ಕತ್ತರಿಸದೆ ಹೇಗೋ ತುರುಕಿ ಎತ್ತಿದರೆ ಒಳಕೊಳವೆ ಹೊರಕೊಳವೆಯ ತಳ ಮುಟ್ಟಿ, ಮುಂದೆ ಟ್ರ್ಯಾಕ್ಟರಿನ ಪಿಟಿಒ ಬೇರಿಂಗನ್ನೂ ಹಿಂದೆ ಮೊವರಿನ ಗೇರ್‌ಬಾಕ್ಸನ್ನೂ ಜ್ಯಾಕಿನಂತೆ ಒತ್ತುತ್ತದೆ. ಆಯಿಲ್ ಸೀಲ್ ಹೋಗುವುದು ಅದೃಷ್ಟವಿದ್ದರೆ; ಇಲ್ಲದಿದ್ದರೆ ಗೇರ್‌ಬಾಕ್ಸಿನ ಹೊರಕವಚವೇ ಬಿರಿಯುತ್ತದೆ.

ಅಳತೆ ತೆಗೆಯುವ ಕ್ರಮ ಹೀಗೆ. ಮೊವರನ್ನು ಮೂರೂ ಲಿಂಕಿಗೆ ಕಟ್ಟಿ. ಶಾಫ್ಟಿನ ಎರಡು ಅರ್ಧಗಳನ್ನು ಬಿಡಿಸಿ, ಒಂದನ್ನು ಟ್ರ್ಯಾಕ್ಟರಿನ ಪಿಟಿಒಗೆ, ಇನ್ನೊಂದನ್ನು ಗೇರ್‌ಬಾಕ್ಸಿಗೆ ಸಿಕ್ಕಿಸಿ. ಪಿಟಿಒ ಬಂದ್ ಇಟ್ಟು ಲಿಫ್ಟನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡುತ್ತ ಎರಡರ ನಡುವಿನ ದೂರ ಯಾವ ಎತ್ತರದಲ್ಲಿ ಅತಿ ಕಡಿಮೆಯಾಗುತ್ತದೆ ಎಂದು ಗುರುತಿಸಿ. ಹೆಚ್ಚಾಗಿ ಎರಡು ಶಾಫ್ಟೂ ಒಂದೇ ಮಟ್ಟಕ್ಕೆ ಬಂದಾಗ ಅದು ಸಿಗುತ್ತದೆ. ಅಲ್ಲಿ ಮೊವರಿನ ಕೆಳಗೆ ದಿಮ್ಮಿ ಕೊಟ್ಟು ಎಂಜಿನ್ ನಿಲ್ಲಿಸಿ, ಎರಡು ಅರ್ಧಗಳನ್ನು ಪಕ್ಕಪಕ್ಕ ಹಿಡಿದು, ಒಂದರ ತುದಿ ಇನ್ನೊಂದರ ಬುಡದಿಂದ 40 ಮಿ.ಮೀ. ದೂರದಲ್ಲಿ ನಿಲ್ಲುವಂತೆ ಗುರುತು ಹಾಕಿ. ಒಳಕೊಳವೆ, ಹೊರಕೊಳವೆ, ಎರಡರ ಪ್ಲಾಸ್ಟಿಕ್ ಹೊದಿಕೆ ನಾಲ್ಕನ್ನೂ ಒಂದೇ ಅಳತೆಯಲ್ಲಿ ಕತ್ತರಿಸಬೇಕು. ಅಂಚನ್ನು ಒಳಗೂ ಹೊರಗೂ ಅರ ಹಾಕಿ ನಯಗೊಳಿಸಿ, ಲೋಹದ ಪುಡಿ ಒರೆಸಿ, ಗ್ರೀಸ್ ಹಚ್ಚಿ ಜೋಡಿಸಿ. ಅತಿ ಉದ್ದವಾಗಿ ಚಾಚಿದಾಗಲೂ ಕೊಳವೆಗಳು ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು. ಅಷ್ಟು ಉಳಿಯದಿದ್ದರೆ ಆ ಶಾಫ್ಟ್ ಈ ಗಾಡಿಗೆ ಆಗುವುದಿಲ್ಲ, ಬೇರೆ ತರಬೇಕು. ಓಡುವಾಗ ಕಳಚಿಕೊಂಡ ಶಾಫ್ಟ್ ಏನನ್ನು ಬಡಿಯುತ್ತದೆಂದು ಹೇಳಲಾಗದು.

ಜೋಡಿಸುವಾಗ ಎರಡು ತುದಿಯ ಕೀಲುಗಳ ಒಳ ಕವೆಗಳು (ಯೋಕ್) ಒಂದೇ ಸಾಲಿನಲ್ಲಿರಬೇಕು. ಕೆಲವು ಕೊಳವೆಗಳನ್ನು ತಿರುಚಿ ಹಾಕಲು ಬರುತ್ತದೆ, ಹಾಗೆ ಹಾಕಿದರೆ ಶಾಫ್ಟ್ ಪ್ರತಿ ಸುತ್ತಿಗೂ ಎಳೆದು ಬಿಟ್ಟಂತಾಗಿ ಕ್ರಾಸ್ ಬೇರಿಂಗ್ ಬೇಗ ಸವೆಯುತ್ತದೆ. ಕೆಲಸದ ಎತ್ತರದಲ್ಲಿ ಗೇರ್‌ಬಾಕ್ಸಿನ ಶಾಫ್ಟ್ ಟ್ರ್ಯಾಕ್ಟರಿನ ಪಿಟಿಒಗೆ ಸಮಾನಾಂತರವಾಗಿರುವಂತೆ ಟಾಪ್ ಲಿಂಕ್ ಹೊಂದಿಸಿ. ತುದಿಯ ಲಾಕ್ ಪಿನ್ ‘ಟಕ್’ ಎಂದ ಮೇಲೂ ಒಮ್ಮೆ ಹಿಂದಕ್ಕೆ ಜಗ್ಗಿ ನೋಡಿ.

ಒಂದೇ ಕ್ಲಚ್ಚಿನ ಟ್ರ್ಯಾಕ್ಟರ್ ಇದ್ದವರು ಸ್ಲ್ಯಾಷರ್ ಕೊಳ್ಳುವುದಾದರೆ ಪಿಟಿಒ ತುದಿಗೆ ಹಾಕುವ ಓವರ್‌ರನ್ನಿಂಗ್ ಕಪ್ಲರ್ ಇಲ್ಲದೆ ಕೊಳ್ಳಬಾರದು. ಕಾರಣವಿದೆ. ಇಂಥ ಗಾಡಿಯಲ್ಲಿ ಪಿಟಿಒ ಗೇರ್‌ಬಾಕ್ಸಿಗೇ ಹೊಂದಿಕೊಂಡಿರುತ್ತದೆ. ಕುಂಬಾರನ ಚಕ್ರ ಕೋಲು ತೆಗೆದ ಮೇಲೂ ತಿರುಗುವಂತೆ, ಕ್ಲಚ್ ತುಳಿದ ಮೇಲೂ ಸ್ಲ್ಯಾಷರಿನ ಭಾರದ ತಟ್ಟೆ ತಿರುಗುತ್ತಲೇ ಇರುತ್ತದೆ. ಆ ತಿರುಗುಬಲ ಶಾಫ್ಟಿನ ಮೂಲಕ ಹಿಂದಿರುಗಿ ಚಕ್ರಗಳನ್ನು ಮುಂದಕ್ಕೆ ನೂಕುತ್ತದೆ. ಕ್ಲಚ್ ತುಳಿದರೂ ಟ್ರ್ಯಾಕ್ಟರ್ ನಿಲ್ಲದೆ ಬೇಲಿಗೆ, ಹಳ್ಳಕ್ಕೆ ನುಗ್ಗುವುದು ಹೀಗೆ. ಕಪ್ಲರ್ ಒಂದೇ ದಿಕ್ಕಿಗೆ ಬಲ ದಾಟಿಸುವುದರಿಂದ ಈ ನೂಕು ನಿಲ್ಲುತ್ತದೆ. ಕಪ್ಲರ್ ಹಾಕಿದಾಗ ಪಿಟಿಒ ಮೂರರಿಂದ ಐದಂಗುಲ ಉದ್ದವಾಗುತ್ತದೆ, ಹಾಗಾಗಿ ಮೊದಲು ಕಪ್ಲರ್ ಹಾಕಿ ನಂತರ ಶಾಫ್ಟಿನ ಅಳತೆ ತೆಗೆಯಿರಿ. ಪಿಟಿಒಗೆ ಪ್ರತ್ಯೇಕ ಕ್ಲಚ್ ಇರುವ ಗಾಡಿಗೆ ಸಾಮಾನ್ಯವಾಗಿ ಇದರ ಅಗತ್ಯ ಬೀಳುವುದಿಲ್ಲ.

ಏಟು ತಾಳುವ ವ್ಯವಸ್ಥೆಯಲ್ಲಿ ಎರಡು ಬಗೆ. ಶಿಯರ್ ಬೋಲ್ಟ್ ಇರುವುದರಲ್ಲಿ ಹೊರೆ ಮಿತಿಮೀರಿದಾಗ ಬೋಲ್ಟ್ ತುಂಡಾಗಿ ಗೇರ್‌ಬಾಕ್ಸ್ ಉಳಿಯುತ್ತದೆ. ಪದೇ ಪದೇ ತುಂಡಾಗುತ್ತದೆಂದು ಕೈಪಿಡಿ ಹೇಳಿದ್ದಕ್ಕಿಂತ ಗಟ್ಟಿ ಬೋಲ್ಟ್ ಹಾಕುವವರಿದ್ದಾರೆ. ಮುಂದಿನ ಏಟಿಗೆ ತುಂಡಾಗುವುದು ಗೇರ್‌ಬಾಕ್ಸಿನ ಹಲ್ಲು. ಸರಿಯಾದ ಬೋಲ್ಟ್ ಹತ್ತಿಪ್ಪತ್ತು ಕೊಂಡು ಟೂಲ್ ಬಾಕ್ಸಿನಲ್ಲಿಟ್ಟರೆ ಮುಗಿಯಿತು. ಕಲ್ಲು, ಬುಡ ಹೆಚ್ಚಿರುವ ನೆಲಕ್ಕೆ, ಹೊರೆ ಮೀರಿದಾಗ ಬಿಲ್ಲೆಗಳು ಜಾರಿ ಏಟು ತಪ್ಪಿಸುವ ಸ್ಲಿಪ್ ಕ್ಲಚ್ ಒಳ್ಳೆಯದು. ಆದರೆ ಮಳೆಗಾಲವೊಂದು ಹೊರಗೆ ನಿಂತರೆ ಅದರ ಬಿಲ್ಲೆಗಳು ತುಕ್ಕಿನಿಂದ ಅಂಟಿಕೊಳ್ಳುತ್ತವೆ, ಆಗ ಸ್ಲಿಪ್ ಕ್ಲಚ್ ಇದ್ದೂ ಇಲ್ಲದಂತೆ. ಪ್ರತಿ ಹಂಗಾಮಿನ ಮೊದಲು ಸ್ಪ್ರಿಂಗುಗಳ ಉದ್ದ ಅಳೆದು ಬರೆದಿಟ್ಟುಕೊಂಡು, ಎಲ್ಲ ನಟ್ಟುಗಳನ್ನು ಸಮನಾಗಿ ಎರಡು ಸುತ್ತು ಸಡಿಲಿಸಿ, ಬಿಲ್ಲೆಗಳ ಅಂಚಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆಯಿರಿ. ಪಿಟಿಒವನ್ನು ಎರಡು ಮೂರು ಸೆಕೆಂಡು ಮಾತ್ರ ಹಾಕಿ ತೆಗೆಯಿರಿ. ಎಲ್ಲ ನಿಂತ ಮೇಲೆ ಗೆರೆ ಮುರಿದು ಆಚೀಚೆ ಸರಿದಿದ್ದರೆ ಕ್ಲಚ್ ಜಾರುತ್ತಿದೆ; ನಟ್ಟುಗಳನ್ನು ಮೊದಲಿನ ಉದ್ದಕ್ಕೆ ಬಿಗಿದರೆ ಸಾಕು. ಗೆರೆ ಹಾಗೇ ಇದ್ದರೆ ಬಿಚ್ಚಿ ತುಕ್ಕು ಉಜ್ಜಬೇಕು.

ಮಟ್ಟ ಹೊಂದಿಸುವುದರಲ್ಲೂ ಶಕ್ತಿ ಉಳಿಯುತ್ತದೆ. ಸ್ಲ್ಯಾಷರಿನ ಮುಂದಿನ ಅಂಚು ಹಿಂದಿನದಕ್ಕಿಂತ ಒಂದರಿಂದ ಒಂದೂವರೆ ಅಂಗುಲ ತಗ್ಗಿರಲಿ. ಹಿಂದಿನ ಅಂಚು ತಗ್ಗಿದ್ದರೆ ಒಮ್ಮೆ ಕತ್ತರಿಸಿದ ಹುಲ್ಲನ್ನೇ ಮತ್ತೆ ಮತ್ತೆ ಕತ್ತರಿಸುತ್ತ ಎಂಜಿನ್ ದಣಿಯುತ್ತದೆ. ಫಿನಿಶಿಂಗ್ ಮೊವರಿಗೆ ಈ ವ್ಯತ್ಯಾಸ 5ರಿಂದ 10 ಮಿ.ಮೀ. ಸಾಕು. ಸ್ಲ್ಯಾಷರ್ ಬ್ಲೇಡನ್ನು ಕ್ಷೌರದ ಕತ್ತಿಯಂತೆ ಮಸೆಯಬೇಡಿ. ಅಂಚಿನಲ್ಲಿ ಒಂದೂವರೆ ಮಿ.ಮೀ. ದಪ್ಪ ಉಳಿಯಲಿ. ಅದಕ್ಕಿಂತ ತೆಳುವಾದರೆ ಮೊದಲ ಕಲ್ಲಿಗೇ ಅಂಚು ಎಗರುತ್ತದೆ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಬೋಲ್ಟನ್ನು ಕೈಪಿಡಿ ಹೇಳಿದ ಬಿಗಿಗೆ ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿಸಿ.

ಕೊಳ್ಳುವ ಜಾಗದಲ್ಲಿ ಬಣ್ಣಕ್ಕೆ ಮರುಳಾಗದೆ ಡೆಕ್ಕಿನ ತಗಡಿನ ದಪ್ಪ ಕೇಳಿ. ಮೂರು ಮಿ.ಮೀ. ಹುಲ್ಲಿಗೆ ಸಾಕು, ಪೊದೆಗೆ ನಾಲ್ಕೂವರೆಯಾದರೂ ಬೇಕು. ಗೇರ್‌ಬಾಕ್ಸ್ ಕೂತ ಜಾಗದಲ್ಲಿ ಅಡಿಪಟ್ಟಿ ಇದೆಯೇ, ಟಾಪ್ ಲಿಂಕಿನ ಕೊಂಡಿ ಹಿಂದೆ ಮುಂದೆ ಆಡುತ್ತದೆಯೇ ನೋಡಿ. ಆಡದ ಕೊಂಡಿ ಇದ್ದರೆ ದಿಬ್ಬ ಹತ್ತಿ ಇಳಿಯುವಾಗ ಮೊವರ್ ನೆಲದ ಜೊತೆ ಸಾಗುವುದಿಲ್ಲ. ಬ್ಲೇಡು, ಬೆಲ್ಟು, ಆಯಿಲ್ ಸೀಲು ಮತ್ತೆ ಸಿಗುತ್ತವೆಯೇ, ಅವುಗಳ ನಂಬರೇನು ಎಂದು ಕೈಪಿಡಿಯಲ್ಲಿ ತೋರಿಸಲು ಹೇಳಿ. ಹಳೆಯದನ್ನು ಕೊಳ್ಳುವವರು ಮೊವರನ್ನು ಎತ್ತಿ, ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು, ಟ್ರ್ಯಾಕ್ಟರಿನ ಕೀ ಜೇಬಿಗೆ ಹಾಕಿಕೊಂಡ ಮೇಲೆಯೇ ಬಗ್ಗಿ ನೋಡಬೇಕು; ಲಿಫ್ಟನ್ನು ನಂಬಿ ಕೈ ಹಾಕಬೇಡಿ. ಬ್ಲೇಡಿನ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ; ಅಲುಗಿದರೆ ಬೇರಿಂಗ್ ಹೋಗಿದೆ. ಕೆಳಗಿನ ಆಯಿಲ್ ಸೀಲಿನ ಸುತ್ತ ತಂತಿ, ಪ್ಲಾಸ್ಟಿಕ್ ದಾರ ಸುತ್ತಿಕೊಂಡಿದ್ದರೆ ಸೀಲ್ ಕುಯ್ದಿರುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಮೇಲಿನ ಗಾಳಿರಂಧ್ರ ಕಟ್ಟಿದ್ದರೆ ಬಿಸಿಯಾದ ಗಾಳಿ ಸೀಲಿನ ಮೂಲಕವೇ ಎಣ್ಣೆಯನ್ನು ಹೊರದಬ್ಬುತ್ತದೆ; ಹೊಸ ಸೀಲ್ ಹಾಕಿಸಿದರೂ ಸೋರಿಕೆ ನಿಲ್ಲದಿರುವುದಕ್ಕೆ ಹಲವು ಸಲ ಇದೇ ಕಾರಣ. ಡೆಕ್ಕಿನ ಮೇಲ್ಮೈ ಒಳಗಿನಿಂದ ಉಬ್ಬಿದ್ದರೆ ಆ ಯಂತ್ರ ಬ್ಲೇಡು ಮುರಿದುಕೊಂಡದ್ದಿದೆ ಎಂದು ತಿಳಿಯಿರಿ.

ಬ್ಲೇಡಿನ ತುದಿ ಹೋಗುವ ವೇಗವನ್ನು ಮೇಲೆ ಹೇಳಿದೆ. ಅದೇ ವೇಗದಲ್ಲಿ ಹೊಡೆಸಿಕೊಂಡ ಕಲ್ಲು ನೂರು ಮೀಟರಿನಷ್ಟು ದೂರಕ್ಕೂ ಹಾರಬಲ್ಲದು. ಡೆಕ್ಕಿನ ಮುಂದೆ ಹಿಂದೆ ಇಳಿಬಿಡುವ ಸರಪಳಿ ಪರದೆಯನ್ನು ‘ಬೇಕಾದರೆ ಆಮೇಲೆ ಹಾಕಿಸಿಕೊಳ್ಳಿ’ ಎಂದು ಪ್ರತ್ಯೇಕ ಮಾರುವ ಪದ್ಧತಿ ನಿಲ್ಲಬೇಕು. ಪರದೆಯಿಲ್ಲದ ಸ್ಲ್ಯಾಷರನ್ನು ಅಂಗಡಿಯಿಂದ ಹೊರಗೆ ಬಿಡಬಾರದು. ಪರದೆ ಇದ್ದರೂ ಕೆಲಸ ನಡೆಯುವ ಹೊಲದಲ್ಲಿ ಮಕ್ಕಳು, ದನಕರು, ಕೂಲಿಯವರು ಇರಕೂಡದು. ಒಣಹುಲ್ಲಿನ ಕಾಲದಲ್ಲಿ ಡೆಕ್ ಮೇಲೆ ಕೂತ ಹುಲ್ಲನ್ನು ಗುಡಿಸುತ್ತಿರಬೇಕು, ಬಿಸಿ ಗೇರ್‌ಬಾಕ್ಸ್ ಮತ್ತು ಕಲ್ಲಿನ ಕಿಡಿ ಎರಡೂ ಬೆಂಕಿಗೆ ದಾರಿ. ಹುಲ್ಲಿನ ಬೀಜ, ಹೊಟ್ಟು ರೇಡಿಯೇಟರ್ ಜಾಲರಿಗೆ ಅಂಟಿ ಎಂಜಿನ್ ಕಾಯುವುದನ್ನೂ ಗಂಟೆಗೊಮ್ಮೆ ನೋಡಿಕೊಳ್ಳಬೇಕು.

ಕೊನೆಯದಾಗಿ ಮೊವರ್ ತಯಾರಿಸುವವರಲ್ಲಿ, ಮಾರುವವರಲ್ಲಿ ಒಂದು ಬೇಡಿಕೆ. ಪ್ರತಿ ಯಂತ್ರದ ಮೇಲೆ ಬಡಿಯುವ ತಗಡಿನಲ್ಲಿ ಈಗ ‘18–30 ಎಚ್‌ಪಿ’ ಎಂದು ಮಾತ್ರ ಬರೆದಿರುತ್ತದೆ. ಅದರ ಬದಲು ಕನಿಷ್ಠ ಪಿಟಿಒ ಎಚ್‌ಪಿ, ಯಂತ್ರದ ಒಟ್ಟು ತೂಕ, ಕೆಳಲಿಂಕಿನ ಪಿನ್ನಿನಿಂದ ತೂಕದ ಕೇಂದ್ರಕ್ಕಿರುವ ದೂರ, ಕತ್ತರಿಸಬಹುದಾದ ಅತಿ ದಪ್ಪ ಗಿಡದ ಅಳತೆ, ಶಿಯರ್ ಬೋಲ್ಟಿನ ಗಾತ್ರ ಮತ್ತು ಗ್ರೇಡು ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ತೂಕ ಮತ್ತು ದೂರ ಗೊತ್ತಿದ್ದರೆ, ಹಿಂದಿನ ಅಚ್ಚಿನಿಂದ ಆ ಪಿನ್ನಿಗಿರುವ ದೂರವನ್ನೂ ಕೂಡಿಸಿಕೊಂಡು ಮೇಲಿನ ಲೆಕ್ಕವನ್ನು ಯಾರು ಬೇಕಾದರೂ ಅಂಗಡಿಯಲ್ಲಿ ನಿಂತೇ ಮಾಡಬಹುದು. ನಿಮ್ಮ ಪತ್ರಿಕೆಯ ಕೃಷಿ ಪುಟವೂ ಹೊಸ ಉಪಕರಣಗಳನ್ನು ಪರಿಚಯಿಸುವಾಗ ಬೆಲೆ ಮತ್ತು ಅಗಲದ ಜೊತೆಗೆ ಈ ಅಂಕಿಗಳನ್ನು ಕೇಳಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಕೃಷಿ ಯಂತ್ರಗಳ ಒಬ್ಬ ಮೆಕ್ಯಾನಿಕ್